ಗಡುವಮ್ಮನ ಹಗ್ಗ

ಆ ಸೇವಾಸಂಸ್ಥೆಯ ಲೆಕ್ಕಪತ್ರ ನೋಡುವ ಹೆಂಗಸನ್ನು ಎಲ್ಲರೂ ಕರೆಯುವುದು ಗಡುವಮ್ಮ ಎಂದೇ. ದಾನಿಗಳಿಗೆ ಕಳಿಸಬೇಕಾದ ಖರ್ಚಿನ ವರದಿಗಳ ವಿಷಯದಲ್ಲಿ ಅವರು ಕಂಪ್ಯೂಟರನ್ನು ನಂಬಿದವರಲ್ಲ; ಕಿಟಕಿಯಿಂದ ಬಾಗಿಲವರೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ವರದಿಗೊಂದು ಚೀಟಿಯನ್ನು ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಬಂದವರೇ ಚೀಟಿಗಳನ್ನು ಎರಡೆರಡು ಬೆರಳು ಬಾಗಿಲ ಕಡೆ ಸರಿಸುತ್ತಾರೆ. ಗಡುವು ಹತ್ತಿರವಾದ ಚೀಟಿ ಬಾಗಿಲಲ್ಲಿ ನಿರ್ದೇಶಕರ ಮೂಗಿಗೇ ತಾಗುತ್ತದೆ. ಅವರು "ಇನ್ನೂ ಟೈಮಿದೆ ಬಿಡಿ ಮೇಡಂ" ಎಂದರೆ, "ಟೈಮು ಹಗ್ಗಕ್ಕಿದೆ ಸಾರ್, ನಿಮಗಿಲ್ಲ. ಬಿಲ್ಲು ಕೊಡಿ" ಎಂದು ಕೈಚಾಚುತ್ತಾರೆ. ಸಿಬ್ಬಂದಿಯೊಬ್ಬನ ಮದುವೆ ಮನೆಗೇ ಹೋಗಿ ಮದುಮಗನ ಜೇಬಿನಿಂದ ಪೆಟ್ರೋಲ್ ರಸೀದಿ ಎಳೆದು ತಂದದ್ದೂ ಉಂಟು. ಹಗ್ಗವನ್ನು ಮಾತ್ರ ಬೇರೆ ಯಾರೂ ಮುಟ್ಟುವಂತಿಲ್ಲ. ಕಿಟಕಿಯ ಪಕ್ಕ ಬಣ್ಣಗೆಟ್ಟ ಒಂದು ಚೀಟಿ ನಾಲ್ಕು ವರ್ಷದಿಂದ ಕದಲದೆ ನಿಂತಿತ್ತು. ಅದು ಸಂಚಾರಿ ಆಸ್ಪತ್ರೆಯ ವ್ಯಾನಿನದು. ಅದರ ವರದಿ ಎರಡು ದಿನ ತಡವಾಗಿ ಹೋಗಿ, ಅನುದಾನ ನಿಂತು, ವ್ಯಾನು ಶೆಡ್ಡು ಸೇರಿತ್ತು. ತಡ ಮಾಡಿದವರು ಸ್ವತಃ ಗಡುವಮ್ಮ. ಹಗ್ಗ ಕಟ್ಟಿದ್ದು ಅದರ ಮರುದಿನ. ಅಂದಿನಿಂದ ಒಂದು ವರದಿಯೂ ತಡವಾಗಿಲ್ಲ. ಇವತ್ತು ಅದೇ ದಾನಿಗಳ ಪತ್ರ ಬಂತು: ವ್ಯಾನಿಗೆ ಮತ್ತೆ ಅನುದಾನ! ಕಚೇರಿಯೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ, ಗಡುವಮ್ಮ ಆ ಹಳೇ ಚೀಟಿಯ ಮೇಲೆ ಹೊಸ ತಾರೀಖು ಬರೆದು ವ್ಯಾನಿನ ಡ್ರೈವರನ್ನು ಕರೆದರು. "ಬನ್ನಿ ಅಣ್ಣಾ, ಇದನ್ನ ನೀವೇ ಸರಿಸಿ. ಎರಡೇ ಬೆರಳು." ಆತ ಹಿಗ್ಗಿನಲ್ಲಿ ಅದರ ಮೇಲೂ ಒಂದು ಮೊಳ, ಅಂದರೆ ಇಪ್ಪತ್ತನಾಲ್ಕು ಬೆರಳು, ತಳ್ಳಿಬಿಟ್ಟ. ಗಡುವಮ್ಮ ಅದನ್ನು ಹಿಂದಕ್ಕೆ ಸರಿಸಲಿಲ್ಲ. "ಇರಲಿ ಬಿಡಿ" ಎಂದರು, "ಈ ವರದಿ ಹನ್ನೆರಡು ದಿನ ಮೊದಲೇ ಹೋಗ್ಲಿ."