ಕತ್ತು ಹುಣ್ಣಾದ ಎತ್ತು ಮತ್ತು ನನ್ನ ಇಂಗ್ಲಿಷು

ಆಗ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆ ಕಾಣಿಸಿಕೊಂಡು ಎರಡು ಮೂರು ವರ್ಷವಾಗಿತ್ತಷ್ಟೆ. ಕಬ್ಬು ಅರೆಯುವ ಕಾಲ ಬಂತೆಂದರೆ ಊರಿಗೆಲ್ಲ ಪಾಕ ಸೀದ ವಾಸನೆ. ರಸ್ತೆಯುದ್ದಕ್ಕೂ ಗಾಡಿಯ ಹಿಂದೆ ಗಾಡಿ. ನಾವು ಹಿಂದಿನಿಂದ ಜಲ್ಲೆ ಎಳೆದುಕೊಂಡು ಓಡುವುದು, ಗಾಡಿಯವರು ನಮ್ಮ ವಂಶವನ್ನೆಲ್ಲ ಬಯ್ಯುವುದು. ಆ ಕಾಲದವರು ಎಷ್ಟು ಮಂದಿ ಉಳಿದಿದ್ದೀರೋ ಕಾಣೆ. ನನಗಂತೂ ಆ ವಾಸನೆ ನೆನಪಾದರೆ ಈಗಲೂ ಆಯಾಸವಾಗುತ್ತದೆ. ಯಾಕೆಂದು ಇವತ್ತು ಹೇಳಿಬಿಡುತ್ತೇನೆ, ಹೊತ್ತು ಹೊತ್ತು ಸಾಕಾಗಿದೆ.

ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಅಂಚೆ ಗುಮಾಸ್ತರ ಮಗಳು ನಾನು; ಇನ್ನೊಬ್ಬಳು ಪಕ್ಕದ ಹಳ್ಳಿ ಗುತ್ತಲಿನ ನಿಂಗಿ, ಕಬ್ಬಿನ ಗಾಡಿ ಹೊಡೆಯುತ್ತಿದ್ದ ಮರಿಯಣ್ಣನ ಮಗಳು. ಹೆಣ್ಣುಮಗಳಿಗೆ ಇಂಗ್ಲಿಷು ಯಾಕೆ ಎಂದು ಅವಳ ಅಜ್ಜಿ ದಿನಾ ರಂಪ ಮಾಡುತ್ತಿದ್ದಳು. ಮರಿಯಣ್ಣ ಮಾತ್ರ, "ಓದ್ಲಿ ಬುಡವ್ವ, ಜತೆಗಾತಿ ಇರೋಗಂಟ ಓದ್ಲಿ" ಎನ್ನುತ್ತಿದ್ದ. ಆ ಒಂದು ಮಾತಿನ ಮೇಲೆ ನಿಂಗಿಯ ಓದು ನಿಂತಿತ್ತು.

ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇಂಗ್ಲಿಷು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಮೇಷ್ಟ್ರು ಏನಾದರೂ ಹೇಳಿದ ಕೂಡಲೇ ಮೊಣಕೈಯಿಂದ ತಿವಿದು, "ಏನಂತಮ್ಮಿ?" ಎನ್ನುವಳು. ನಾನು ಪಿಸುಗುಟ್ಟಿ ಕನ್ನಡದಲ್ಲಿ ಹೇಳುವೆ. ನನಗೆ ಅದೊಂದು ದೊಡ್ಡಸ್ತಿಕೆ!

ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಎಡಗಡೆಯ ಎತ್ತಿನ ಕತ್ತು ತೋರಿಸಿದಳು. ನೊಗ ಉಜ್ಜಿ ಉಜ್ಜಿ ಅಂಗೈಯಗಲ ಚರ್ಮವೇ ಇರಲಿಲ್ಲ. ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಇಬ್ಬರೂ ಹಚ್ಚಿದೆವು. ಎತ್ತು ಮೈ ನಡುಗಿಸಿತೇ ಹೊರತು ತಲೆ ಕೂಡ ಕೊಡವಲಿಲ್ಲ.

"ಪಾಪ ಕಣೇ, ನಾಕು ದಿನ ಬಿಡಬಾರದೇನೆ?" ಎಂದೆ.

"ಎಂಗ್ ಬುಡಾದಮ್ಮಿ? ಕಾರ್ಖಾನೆನಾಗೆ ನಮ್ ಸರದಿ ಬಂದದೆ. ಕಡ್ದಿರೋ ಕಬ್ಬು ಒಣಗೋಯ್ತದೆ." ಆಮೇಲೆ ನನ್ನ ಕೈ ಹಿಡಿದುಕೊಂಡು, "ಯಾರ್ಗೂ ಯೋಳ್ಬ್ಯಾಡ ಕಣಮ್ಮಿ. ಗೊತ್ತಾದ್ರೆ ಸರ್ಕಾರ್ದೋರು ಗಾಡಿ ತಡೀತಾರೆ" ಎಂದಳು. ಅವಳ ಬೆರಳೆಲ್ಲ ಎಣ್ಣೆ. ಆಣೆಯಿಟ್ಟೆ.

ಮಾರನೆಯ ದಿನವೇ ತಾಲ್ಲೂಕಿನ ಅಮಲ್ದಾರರು ಶಾಲೆ ನೋಡಲು ಬಂದರು. ನಮ್ಮ ಇಂಗ್ಲಿಷ್ ಮೇಷ್ಟ್ರದೊಂದು ಪದ್ಧತಿಯಿತ್ತು: ಬೋರ್ಡಿನ ಮೇಲೆ ಒಂದು ಪದ ಬರೆಯುವುದು, ಪ್ರತಿಯೊಬ್ಬರೂ ಅದನ್ನಿಟ್ಟುಕೊಂಡು ಒಂದು ವಾಕ್ಯ ಹೇಳುವುದು. ಕಣ್ಣಾರೆ ಕಂಡದ್ದನ್ನೇ ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಕೂಡದು. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಬೇಕು. ಅವತ್ತು ಅವರು 'ನೆಕ್ಡ್', ಅಂದರೆ ಕತ್ತುಳ್ಳದ್ದು, ಎಂದು ಬರೆದು, ಹಿಂದೆ ಒಂದು ಅಡ್ಡಗೆರೆ ಎಳೆದು, "ಕತ್ತು ಎಂಥದ್ದೋ ಆ ಪದ ಇದರ ಹಿಂದೆ ಸೇರಿಸಿ" ಎಂದರು.

ನನ್ನ ವಾಕ್ಯ ಸಿದ್ಧವಾಗಿತ್ತು. ಕೆರೆಯ ಕೊಕ್ಕರೆ, ಲಾಂಗ್-ನೆಕ್ಡ್. ಹಾಳಾದವನು ಮುಂದಿನ ಬೆಂಚಿನ ಹುಡುಗ ಅದನ್ನೇ ಹೇಳಿಬಿಟ್ಟ! ಇನ್ನೊಬ್ಬ ಹೂಜಿಗೆ ಷಾರ್ಟ್-ನೆಕ್ಡ್ ಎಂದ. ಮತ್ತೊಬ್ಬ ಗರಡಿಯ ಪೈಲ್ವಾನನನ್ನು ಥಿಕ್-ನೆಕ್ಡ್ ಮಾಡಿದ. ನನ್ನ ಸರದಿ ಬಂದಾಗ ತಲೆಯೊಳಗೆ ಏನೂ ಇಲ್ಲ. ಅಮಲ್ದಾರರ ಎದುರಿಗೆ ಬೆಂಚು ಹತ್ತಿ ನಿಲ್ಲಬೇಕಲ್ಲಾ! ಆಗ ಮನೆಯಲ್ಲಿದ್ದ ಮುಲಾಮಿನ ಡಬ್ಬಿಯ ಮೇಲಿನ 'ಸೋರ್' ಎಂಬ ಪದ ಹೊಳೆಯಿತು. ಹುಣ್ಣಿಗೆ ಹಾಗೆನ್ನುತ್ತಾರೆಂದು ಅಪ್ಪ ಹೇಳಿಕೊಟ್ಟಿದ್ದರು.

"ಮರಿಯಣ್ಣ ಹ್ಯಾಸ್ ಎ ಸೋರ್-ನೆಕ್ಡ್ ಬುಲಕ್, ಸಾರ್."

ಪಕ್ಕದಲ್ಲಿ ನಿಂಗಿ ತಿವಿಯಲಿಲ್ಲ. ನನ್ನ ಮುಖ ನೋಡಿ ನಗುತ್ತಿದ್ದಳು.

"ಗುಡ್! ವೆರಿ ಗುಡ್!" ಎಂದರು ಅಮಲ್ದಾರರು. ಎದ್ದು ನನ್ನ ಹತ್ತಿರ ಬಂದು ಕನ್ನಡದಲ್ಲಿ, "ಕತ್ತು ಹುಣ್ಣಾಗಿರೋ ಎತ್ತನ್ನ ಗಾಡಿಗೆ ಕಟ್ತಾರೇನಮ್ಮ? ಯಾರು ಈ ಮರಿಯಣ್ಣ?" ಎಂದು ಮೆತ್ತಗೆ ಕೇಳಿದರು.

ಗೊತ್ತಿಲ್ಲ ಎನ್ನಬಹುದಾಗಿತ್ತು. ಸುಮ್ಮನಿರಬಹುದಾಗಿತ್ತು. ಆದರೆ 'ವೆರಿ ಗುಡ್' ಇನ್ನೂ ಕಿವಿಯಲ್ಲಿ ಕುಣಿಯುತ್ತಿತ್ತು. "ಇವಳ ಅಪ್ಪ ಸಾರ್" ಎಂದು ಬೆರಳು ಮಾಡಿ ತೋರಿಸಿದೆ. ನಿಂಗಿ ತಲೆ ಬಗ್ಗಿಸಿದಳು. ಆಮೇಲೆ ಸಂಜೆಯವರೆಗೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅಮಲ್ದಾರರ ಕಡೆಯವರು ಮರಿಯಣ್ಣನ ಗಾಡಿಯನ್ನು ಕಾರ್ಖಾನೆಯ ದಾರಿಯಲ್ಲಿ ತಡೆದು, ಎತ್ತು ಬಿಚ್ಚಿಸಿ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋದರು. ಹದಿನೈದು ದಿನ ನೊಗ ಹೂಡಕೂಡದೆಂದು ಅಪ್ಪಣೆಯಾಯಿತು. ಅಮಲ್ದಾರರದೇನೂ ತಪ್ಪಿಲ್ಲ, ಎತ್ತಿನ ಹುಣ್ಣು ವಾಸಿಯಾಯಿತು. ಕಬ್ಬಿನ ಸರದಿ ಮಾತ್ರ ತಪ್ಪಿಹೋಗಿ, ಕಡಿದದ್ದು ಗದ್ದೆಯಲ್ಲೇ ಒಣಗಿತು.

ಶಾಲೆಯ ಹುಡುಗರು ನಿಂಗಿಗೆ 'ಸೋರ್-ನೆಕ್ಡ್' ಎಂದೇ ಹೆಸರಿಟ್ಟರು. ಅವಳು ಕತ್ತನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ದಿನ ಬಂದಳು. ಮೂರನೆಯ ದಿನ ಬರಲಿಲ್ಲ. ಕೋಡುಬಳೆ ಪೊಟ್ಟಣ ಕಟ್ಟಿಕೊಂಡು ಗುತ್ತಲಿಗೆ ಓಡಿದೆ. ಜಗುಲಿಯ ಮೇಲೆ ಅಜ್ಜಿ, "ಬಂದ್ಲು ನೋಡು ಜತೆಗಾತಿ" ಎಂದು ಮುಖ ತಿರುಗಿಸಿದಳು. ಮರಿಯಣ್ಣ ಅಲ್ಲೇ ಕೂತಿದ್ದ, ತಾಯಿಗೆ ಎದುರು ಮಾತಾಡಲಿಲ್ಲ. "ಒಳಿಕ್ಕೋಗವ್ವ" ಎಂದಷ್ಟೇ ಹೇಳಿದ.

ನಿಂಗಿ ರಾಗಿ ಬೀಸುತ್ತಿದ್ದಳು. ಕ್ಷಮಿಸು ಎಂದು ಕೇಳುವುದು ನಮ್ಮ ಕಡೆ ಮಕ್ಕಳಿಗೆ ರೂಢಿಯಿಲ್ಲ. "ನಾಳೆ ಬತ್ತೀಯೇನೆ?" ಎಂದೆ, ಅವಳ ಹಾಗೇ ಮಾತಾಡಿ ಒಲಿಸಿಕೊಳ್ಳಲು.

"ಇಲ್ಲ ಕಣಮ್ಮಿ. ಸಾಕು."

ಬೀಸುವ ಕಲ್ಲು ಎರಡು ಸುತ್ತು ತಿರುಗಿತು. ಕೋಪವಿಲ್ಲದ ದನಿಯಲ್ಲೇ ಹೇಳಿದಳು: "ನೀ ಯೋಳ್ದಾಗ ನಂಗೇನೂ ತಿಳೀನಿಲ್ಲ. ನಮ್ಮಪ್ಪನ್ ಎಸ್ರು ಬಂತಲ್ಲ, ನಮ್ಮಪ್ಪನ್ನ ಒಗಳ್ತಾವ್ಳೆ ಅನ್ಕಂಡು ನಗ್ತಾ ಕುಂತಿದ್ದೆ."

ಮರುವರ್ಷ ಅವಳನ್ನು ಮಳವಳ್ಳಿ ಕಡೆ ಕೊಟ್ಟರು. ಆಮೇಲೆ ನೋಡಲಿಲ್ಲ. ನಾನು ಓದಿದೆ, ಮೇಡಮ್ಮಾದೆ, ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ದಣಿದೆ. 'ವೆರಿ ಗುಡ್' ಎಷ್ಟು ಸಲ ಕೇಳಿದೆನೋ, ಎಷ್ಟು ಸಲ ಹೇಳಿದೆನೋ, ಲೆಕ್ಕವಿಲ್ಲ. ಆದರೆ ನಾನು ಬಾಯಿ ತೆರೆದರೆ ಒಳ್ಳೆಯದನ್ನೇ ಹೇಳುತ್ತೇನೆಂದು, ಒಂದಕ್ಷರ ತಿಳಿಯದೆಯೂ ನಂಬಿ ನಗುತ್ತ ಕೂತವಳು ಅವಳೊಬ್ಬಳೇ. ಅಂಥವರು ಮತ್ತೆ ಯಾರೂ ಸಿಗಲಿಲ್ಲ.