ಕಿವಿಗೆ ಬೀಳದ ಸುದ್ದಿ

ನಮ್ಮ ಕಡೆ ಸೂತಕ ಹಿಡಿಯುವುದು ನೆಂಟ ಸತ್ತ ಗಳಿಗೆಯಿಂದಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಕೇಳದಿದ್ದರೆ ಮೈಲಿಗೆಯಿಲ್ಲ, ಹಿಡಿದ ಶುಭಕಾರ್ಯ ಮುಗಿಸಬಹುದು. ಕೇಳಿದರೆ ಎಲ್ಲ ನಿಲ್ಲಬೇಕು. ಈ ಕಟ್ಟಳೆ ಮಾಡಿದ ಹಿರಿಯರು ಜಾಣರೋ ಕಳ್ಳರೋ, ನಾನು ಇವತ್ತಿಗೂ ತೀರ್ಮಾನಿಸಿಲ್ಲ. ನನ್ನ ಮದುವೆ ಒಮ್ಮೆ ನಿಂತದ್ದೂ ಇದರಿಂದ, ಆಮೇಲೆ ನಡೆದದ್ದೂ ಇದರಿಂದಲೇ.

ಮೊದಲ ಸಂಬಂಧದಲ್ಲಿ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯಿಸುವ ದಿನ ಬೆಳಿಗ್ಗೆಯೇ ನಮ್ಮ ಕುಟುಂಬದ ಒಬ್ಬಳು ಮುದುಕಿ ತೀರಿಕೊಂಡ ಸುದ್ದಿ ಬಂತು. ನಾನು ಅವಳ ಮುಖವನ್ನೂ ನೋಡಿದವಳಲ್ಲ. ‘ಸೂತಕ ಕಳೆಯಲಿ’ ಎಂದು ಹೋದ ಗಂಡಿನವರು ತಿರುಗಿ ಬರಲಿಲ್ಲ. ಶಕುನ ಸರಿಯಿಲ್ಲ ಎಂದರಂತೆ. ಅಂದಿನಿಂದ ನಮ್ಮ ಸವಣೂರಿನ ಪೇಟೆಯಲ್ಲಿ ಕಂಡವರೆಲ್ಲ ನನ್ನನ್ನು ನೋಡಿ ‘ಪಾಪ’ ಅನ್ನತೊಡಗಿದರು. ಆ ಪಾಪ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಹಳ ಕಾಲದ ಮೇಲೆ ಕಬಕದಿಂದ ಇನ್ನೊಂದು ಸಂಬಂಧ ಕೂಡಿಬಂದು, ಬೇಸಗೆಯ ಒಂದು ಭಾನುವಾರ ವೀಳ್ಯಕ್ಕೆ ನಿಶ್ಚಯವಾಯಿತು.

ಶನಿವಾರ ಬೆಳಿಗ್ಗೆ ಕಡಬದಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಬಂದಿಳಿದರು. ಅವರು ಬಂದರೆ ನಮ್ಮಮ್ಮನಿಗೆ ಅಡುಗೆಮನೆಯಲ್ಲಿ ಅಧಿಕಾರವಿಲ್ಲ. ಸೌಟು ಎಲ್ಲಿಡಬೇಕೆಂದೂ ಅತ್ತೆಯನ್ನೇ ಕೇಳಬೇಕು. ಎಲ್ಲ ಸಡಗರದ ನಡುವೆ ಒಂದೇ ಚಿಂತೆ. ಅಪ್ಪನಿಗೂ ಅತ್ತೆಗೂ ಅಣ್ಣ, ನನ್ನ ದೊಡ್ಡಪ್ಪ, ಅಜ್ಜಾವರದಲ್ಲಿ ಹಾಸಿಗೆ ಹಿಡಿದಿದ್ದರು. ಅಪ್ಪ ಆ ವಾರವಷ್ಟೇ ಹೋಗಿ ನೋಡಿ ಬಂದಿದ್ದರು. “ಗಂಜಿ ಕುಡೀತಾರೆ, ಮಾತಾಡ್ತಾರೆ” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಮಧ್ಯಾಹ್ನ ಅಪ್ಪ ಪೇಟೆಗೆ ಹೋಗಿದ್ದಾಗ ನಾನು ಅಂಗಳದಲ್ಲಿ ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳ ಮಗುಚುತ್ತಿದ್ದೆ. ದೊಡ್ಡಪ್ಪನ ನೆರೆಮನೆಯವರೊಬ್ಬರು ಬಂದು ಅಂಗಳದ ಹೊರಗೇ ನಿಂತರು.

“ಬನ್ನಿ, ಕೂತ್ಕೊಳ್ಳಿ. ಬೆಲ್ಲ ನೀರು ತರ್ತೇನೆ” ಎಂದೆ.

“ಬೇಡ” ಎಂದರು, ನನ್ನ ಮುಖ ನೋಡದೆ.

ಸಾವಿನ ಸುದ್ದಿ ತಂದವರು ಜಗಲಿ ಹತ್ತುವುದಿಲ್ಲ, ನೀರು ಮುಟ್ಟುವುದಿಲ್ಲ. ಅವರು ಬಾಯಿ ತೆರೆಯುವುದಕ್ಕೂ ಅತ್ತೆ ಜಗಲಿಯಿಂದ ಧುಮುಕುವುದಕ್ಕೂ ಸರಿಹೋಯಿತು. ಹಪ್ಪಳಗಳ ಮೇಲೆಯೇ ತುಳಿದುಕೊಂಡು ಓಡಿದರು.

“ಬಾಯಿ ಬಿಡ್ಬೇಡಿ ಮಾರಾಯ್ರೆ! ಆಚೆ ಬನ್ನಿ. ನನಗೊಬ್ಬಳಿಗೇ ಹೇಳಿ.”

ಇಬ್ಬರೂ ದಾರಿಯ ತನಕ ಹೋದರು. ಅತ್ತೆ ಪೇರಳೆ ಮರವನ್ನು ಹಿಡಿದು ನಿಂತದ್ದು ಕಂಡಿತು, ಮಾತು ಕೇಳಲಿಲ್ಲ. ತಿರುಗಿ ಬಂದವರು ಮನೆಯೊಳಗೆ ಬರಲಿಲ್ಲ. ಅಂಗಳದಾಚೆಯ ಬಚ್ಚಲ ಕೊಟ್ಟಿಗೆಯ ಮೆಟ್ಟಿಲಲ್ಲಿ ಕೂತರು. “ಮಂಡಿ ನೋವು. ನಾನು ಇನ್ನು ಇಲ್ಲೇ ಇರುದು. ಯಾರೂ ಮುಟ್ಲಿಕ್ಕೆ ಬರ್ಬೇಡಿ” ಎಂದರು. ಬೆಳಗಿನಿಂದ ಮನೆಯನ್ನೇ ತಲೆಮೇಲೆ ಹೊತ್ತವರಿಗೆ ಎಂಥ ಮಂಡಿ ನೋವು! ಅಮ್ಮನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಯಾರೂ ಉಸಿರೆತ್ತಲಿಲ್ಲ.

ಸಂಜೆ ಅಪ್ಪ ಹೂವಿನ ಕಟ್ಟು ಹಿಡಿದುಕೊಂಡು ಬಂದರು. ಮೆಟ್ಟಿಲಲ್ಲಿ ಕೂತ ಅಕ್ಕನನ್ನು ಕಂಡು ನಿಂತೇಬಿಟ್ಟರು.

“ಅಜ್ಜಾವರದಿಂದ ಯಾರಾದ್ರೂ ಬಂದಿದ್ರಾ?”

ಅತ್ತೆ ಕೈಯೆತ್ತಿ ಅವರನ್ನು ದೂರವೇ ನಿಲ್ಲಿಸಿದರು. “ನಿನಗೆ ಕೇಳ್ಬೇಕಾ? ಕೇಳುದಾದ್ರೆ ಹೇಳ್ತೇನೆ.”

ಅಪ್ಪ ನನ್ನ ಕಡೆ ನೋಡಿದರು. ಕೇಳಿದರೆ ಅಣ್ಣನ ಮುಖ ಕಡೆಯ ಸಲ ನೋಡಬಹುದು. ಮಗಳ ವೀಳ್ಯ ನಿಲ್ಲುತ್ತದೆ. ‘ಹೋಗಿ ಅಪ್ಪ’ ಎಂದು ಕೂಗಬೇಕೆನಿಸಿತು. ಆದರೆ ಹಾಗೆಂದರೆ ನಾನೇ ಸುದ್ದಿ ಹೇಳಿದಂತೆ. ಜೊತೆಗೆ ಭಯ: ಇದೂ ತಪ್ಪಿದರೆ ಮುಂದೆಂತ?

“ನಾಳೆ ಕೇಳ್ತೇನೆ” ಎಂದು ಅಪ್ಪ ಒಳಗೆ ಹೋದರು. ಅವರು ರಾತ್ರಿ ಊಟ ಮಾಡಲಿಲ್ಲ.

ಭಾನುವಾರ ಬಂದ ನೆಂಟರೆಲ್ಲ ನನಗೆ ವೈರಿಗಳಂತೆ ಕಂಡರು. ಯಾರ ಬಾಯಿಂದ ಏನು ಬೀಳುತ್ತದೋ! ಪುತ್ತೂರಿನಿಂದ ಬಂದ ಸೋದರಮಾವ “ಭಾವ, ಬಸ್ಸಲ್ಲಿ ಒಬ್ರು ಹೇಳ್ತಾ ಇದ್ರು…” ಎಂದು ಶುರುಮಾಡಿದ್ದೇ ತಡ, ಅಮ್ಮ ಅವರ ಕೈಗೆ ಕೊಡಪಾನ ಕೊಟ್ಟು ಬಾವಿಕಟ್ಟೆಗೆ ಅಟ್ಟಿದಳು. ಗಂಡಿನವರು ಬಾಡಿಗೆ ಕಾರಿನಲ್ಲಿ ಬಂದರು. ಗಂಡಿನ ತಂದೆಗೆ ಅದೇಕೋ ಅವಸರ. ಲೋಕಾಭಿರಾಮ ಮಾತಾಡಲೂ ಕೂರಲಿಲ್ಲ. ವೀಳ್ಯ ಬದಲಾಯಿಸುವಾಗ ಅಪ್ಪ ಹರಿವಾಣ ಕೊಟ್ಟು ಬಚ್ಚಲ ಕೊಟ್ಟಿಗೆಯ ಕಡೆ ನೋಡಿದರು. ಊಟವನ್ನೂ ಗಂಡಿನವರು ಶಾಸ್ತ್ರಕ್ಕೆ ಮುಗಿಸಿ, ಪಾಯಸ ಬಿಟ್ಟು ಎದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೂ ನಾವು ಹಿಡಿಸಲಿಲ್ಲ ಎಂದುಕೊಂಡೆ.

ಕೈ ತೊಳೆದು ಬಂದ ಗಂಡಿನ ತಂದೆ ಅಪ್ಪನ ಹೆಗಲ ಮೇಲೆ ಕೈಯಿಟ್ಟರು. “ಇನ್ನು ತಡ ಮಾಡುದು ಬೇಡ. ನಮ್ಮ ಕಾರು ಉಂಟು, ಅದ್ರಲ್ಲಿ ಅಜ್ಜಾವರಕ್ಕೆ ಹೊರಡಿ. ನಾವು ಬಸ್ಸಲ್ಲಿ ಹೋಗ್ತೇವೆ.”

ಪುತ್ತೂರಿನಲ್ಲಿ ಹೂವಿಗೆಂದು ಕಾರು ನಿಲ್ಲಿಸಿದಾಗಲೇ ಅವರಿಗೆ ಸುದ್ದಿ ಸಿಕ್ಕಿತ್ತು. ಶಕುನ ನೋಡಿ ಕಾರು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

ಅಪ್ಪ ನೇರ ಬಚ್ಚಲ ಕೊಟ್ಟಿಗೆಗೆ ಹೋದರು. “ಅಕ್ಕಾ, ಈಗ ಹೇಳು.”

“ಅಣ್ಣ ಹೋದ” ಎಂದರು ಅತ್ತೆ. ಅಷ್ಟು ಹೊತ್ತೂ ಒಂದು ಹನಿ ಕಣ್ಣೀರು ಹಾಕದೆ ಕೂತಿದ್ದವರು ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತರು.

ನಾನೂ ಬರುತ್ತೇನೆಂದು ಹಟ ಹಿಡಿದು, ಉಟ್ಟ ಹೊಸ ಸೀರೆಯಲ್ಲೇ ಕಾರು ಹತ್ತಿದೆ. ಅಜ್ಜಾವರ ಮುಟ್ಟುವಾಗ ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಅಪ್ಪನಿಗಾಗಿ ಕಾದು ಕಾದು ಹಿಂದಿನ ರಾತ್ರಿಯೇ ಸುಟ್ಟಿದ್ದರು. ಅಪ್ಪ ಹೊಸ್ತಿಲು ದಾಟಲಾರದೆ ನಿಂತರು. ಒಳಗೆ ಮೂಲೆಯಲ್ಲಿದ್ದ ದೊಡ್ಡಮ್ಮ ತಲೆಯೆತ್ತಿದರು. ಅಪ್ಪನನ್ನು ನೋಡಲಿಲ್ಲ, ನನ್ನ ಸೀರೆಯನ್ನು ನೋಡಿದರು.

“ಮಗಳದ್ದು ಆಯ್ತಾ?”

“ಆಯ್ತು ಅತ್ತಿಗೆ.”

“ಅವರು ಕಡೆಗೆ ಕೇಳಿದ್ದು ಅದನ್ನೇ” ಎಂದರು ದೊಡ್ಡಮ್ಮ.

ಅಪ್ಪ ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗ.