ಷರಾ ಕಾಲಂನಲ್ಲಿ ಬರೆದ ‘ಇಲ್ಲ’

೧೯೯೮ರ ಮಾತು. ಆಗ ನಾನು ಹಳಿಯಾಳದ ಒಂದು ಸರ್ಕಾರಿ ಕಚೇರಿಯಲ್ಲಿ ದಿನಗೂಲಿ ಗುಮಾಸ್ತ. ಹಳ್ಳಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ತರಬೇತಿ ಕೇಂದ್ರವೊಂದು ಊರಲ್ಲಿತ್ತು. ಅಲ್ಲಿ ಕಲಿತವರಲ್ಲಿ ಎಷ್ಟು ಮಂದಿಗೆ ಉದ್ಯೋಗ ಸಿಕ್ಕಿದೆ, ವರದಿ ಕೊಡಿ ಎಂದು ಮೇಲಿನಿಂದ ಪತ್ರ ಬಂತು. ಸಿಕ್ಕಿಲ್ಲವೆಂದರೆ ಕೇಂದ್ರಕ್ಕೆ ಬೀಗ.

ನಾನು ಉದ್ಯೋಗ ವಿನಿಮಯ ಕಚೇರಿಯ ಪಟ್ಟಿ ತರಿಸಿ ತಾಳೆ ನೋಡಿದೆ. ಕಲಿತವರೆಲ್ಲರ ಹೆಸರೂ ಕೆಲಸಕ್ಕಾಗಿ ಕಾಯುವವರ ಪಟ್ಟಿಯಲ್ಲೇ ಇತ್ತು. ಷರಾ ಕಾಲಂನಲ್ಲಿ ಸಾಲಾಗಿ ‘ಇಲ್ಲ’, ‘ಇಲ್ಲ’ ಎಂದು ಬರೆದುಬಿಟ್ಟೆ. ಕುರ್ಚಿ ಬಿಟ್ಟೇಳದೆ ಮುಗಿದ ಕೆಲಸ ನೋಡಿ, ಎಷ್ಟು ಜಂಬ ನನಗೆ!

ಹೊಲಿಗೆ ಕಲಿಸುವ ಶಾಂತಕ್ಕೋರಿಗೆ ಸುದ್ದಿ ಹೋಯಿತು. ಬಂದವರು ಜಗಳ ತೆಗೆಯಲಿಲ್ಲ. “ಕಾಗದ ಕಳಸೂದಕ್ಕಿಂತ ಮೊದಲ ಒಂದ ಮನಿಗರ ಹೋಗಿ ನೋಡ್ರಿ ತಮ್ಮಾ, ಇಷ್ಟ ಕೇಳ್ತೇನಿ” ಎಂದರು. ಅವರ ಕಣ್ಣು ತುಂಬಿದ್ದು ಕಂಡು ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮರುದಿನ, ಪಟ್ಟಿಯ ಮೊದಲ ಹೆಸರಿನ ಗಂಗವ್ವನ ಹಳ್ಳಿಗೆ ಹೋದೆ. ಬಸ್ಸಿನ ಸೀಟಿನಿಂದ ಏಳುವಾಗ ಮೊಳೆಗೆ ಸಿಕ್ಕು ಪ್ಯಾಂಟು ಹಿಂದೆ ಪರ್ ಎಂದು ಹರಿಯಿತು. ವಿಚಾರಣೆಗೆ ಬಂದ ಸಾಹೇಬ ನಾನು! ಫೈಲನ್ನು ಹಿಂದೆ ಅಡ್ಡ ಹಿಡಿದು ಆಕೆಯ ಬಾಗಿಲಲ್ಲಿ ನಿಂತೆ. ಆಕೆ ನಗು ತಡೆದುಕೊಂಡು ಗಂಡನ ಲುಂಗಿ ತಂದುಕೊಟ್ಟು, “ಪ್ಯಾಂಟ ಬಿಚ್ಚಿ ಕೊಡ್ರಿ ಸಾಹೇಬ್ರ, ನಾಚಬ್ಯಾಡ್ರಿ” ಎಂದಳು.

ಲುಂಗಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತು ಫೈಲು ಬಿಚ್ಚಿದೆ. ಒಳಗೆ ಹೊಲಿಗೆ ಮಷಿನ್ನಿನ ಸದ್ದು.

“ನೌಕರಿ ಸಿಕ್ಕೈತೇನ್ರಿ?”

“ಎಲ್ಲಿ ನೌಕರಿರಿ? ಇಲ್ಲ ಬಿಡ್ರಿ.”

ನನ್ನ ಷರಾ ಸರಿಯೇ ಇದೆ ಎಂದುಕೊಂಡೆ. ಅಷ್ಟರಲ್ಲಿ ಆಕೆ, “ಸ್ವಲ್ಪ ತಡಾ ಆಗತೈತ್ರಿ. ಮೂರ ಊರಿನ ಜಂಪರ ಅದಾವ, ಸಾಲಿ ಹುಡುಗ್ರ ಅಂಗಿ ಅದಾವ. ಉಣ್ಣಾಕ ಪುರಸೊತ್ತಿಲ್ಲ” ಎಂದಳು.

“ಮತ್ತ ಇದು ಕೆಲಸ ಅಲ್ಲೇನ್ರಿ?”

“ಇದು ಹೊಲಿಗಿರಿ! ನೌಕರಿ ಅಂದ್ರ ಸರ್ಕಾರದ್ದಲ್ಲೇನ್ರಿ? ಬಂದ್ರ ಬರ್ಲಿ ಅಂತ ಹೆಸರು ಹಚ್ಚೇನಿ.”

ಪೆನ್ನು ಮುಚ್ಚಿಟ್ಟೆ. ನನ್ನ ಮಾನ ಮುಚ್ಚುತ್ತಿರುವವಳಿಗೇ ಉದ್ಯೋಗವಿಲ್ಲವೆಂದು ಬರೆದಿದ್ದೆನಲ್ಲ! ತಲೆ ತಗ್ಗಿಸಿ ಇದ್ದದ್ದನ್ನೆಲ್ಲ ಹೇಳಿದೆ. ಆಕೆ ಪ್ಯಾಂಟು ಮಡಿಸಿ ಕೊಡುತ್ತ, “ನಿಮ್ಮದರ ಪಕ್ಕಾ ನೌಕರಿ ಐತಲ್ರಿ?” ಎಂದಳು.

“ಇಲ್ರೀ, ದಿನಗೂಲಿ.”

“ಅಯ್ಯ ಶಿವನ! ಹಂಗಾರ ನಿಮ್ಮ ಹೆಸರಿನ ಮುಂದೂ ‘ಇಲ್ಲ’ ಅಂತ ಬರ್ಕೋರಿ” ಎಂದು ಈಗ ಮನಸಾರೆ ನಕ್ಕಳು.

ಆ ವಾರವೆಲ್ಲ ಮನೆಮನೆ ತಿರುಗಿದೆ. ನೌಕರಿಯ ಮಾತೆತ್ತದೆ, “ದಿನಾ ಏನ್ ಮಾಡ್ತೀರಿ?” ಎಂದು ಕೇಳಿದೆ. ಬಹಳ ಜನ ಹೊಲಿಯುತ್ತಿದ್ದರು. ಕೆಲವರ ಮನೆಯಲ್ಲಿ ಮಷಿನ್ನು ಮೂಲೆ ಸೇರಿತ್ತು, ಅದನ್ನೂ ಬರೆದೆ. ಹಳೆಯದನ್ನು ಹರಿದು ಈ ಹೊಸ ವರದಿಯನ್ನೇ ಮೇಲಕ್ಕೆ ಕಳಿಸಿದೆ; ಕೇಂದ್ರ ಉಳಿಯಿತು. ಶಾಂತಕ್ಕೋರು ಕಚೇರಿಗೆ ಬಂದು ಎಲ್ಲರಿಗೂ ಪೇಢೆ ಹಂಚಿ ಹೋದರು.

ಮುಂದೆ ನನ್ನ ಕೆಲಸವೂ ಕಾಯಂ ಆಯಿತು. ಆದರೆ ಯಾರದೇ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆಯುವಾಗ, ಇಂದಿಗೂ ಆ ಲುಂಗಿಯಲ್ಲೇ ಕೂತಿದ್ದೇನೆ ಅನಿಸುತ್ತದೆ.